ನೀರು ಕೇಳುವಷ್ಟೇ ಗಾಳಿ

ನಂಜನಗೂಡಿನ ಕಡೆಯ ಗೆಳೆಯನೊಬ್ಬ ಸ್ಯಾಕ್ರಮೆಂಟೊದಲ್ಲಿ ದೋಣಿ ಕೊಂಡ. ನಾನಾಗ ಅಲ್ಲೇ, ಅವನ ಮನೆಯಿಂದ ಇಪ್ಪತ್ತು ನಿಮಿಷದ ದಾರಿಯಲ್ಲಿ ಬಾಡಿಗೆಗಿದ್ದೆ. ಸೈಟು, ಷೇರು ಬಿಟ್ಟು ಮಿಕ್ಕಿದ್ದಕ್ಕೆ ದುಡ್ಡು ಹಾಕುವವನಲ್ಲ ಅವನು. ಹೋಗಿ ನೋಡಿದರೆ ಗ್ಯಾರೇಜಿನಲ್ಲಿ ಹದಿನೆಂಟು ಅಡಿ ಉದ್ದದ, ಕಿತ್ತಳೆ ಬಣ್ಣದ, 1970ರ ದಶಕದ ಜೆಟ್ ಬೋಟು. ಫೈಬರ್ ಮೈಯೊಳಗೆ ಮಿನುಗುಪುಡಿ. ಹಿಂಭಾಗದಲ್ಲಿ ಓಲ್ಡ್ಸ್‌ಮೊಬೀಲ್ ಕಾರಿನಿಂದ ಬಂದ 455 ಘನ ಅಂಗುಲದ ವಿ8 ಎಂಜಿನ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 7,450 ಸಿಸಿ. ಒಂಬತ್ತು ಮಾರುತಿ 800 ಕಾರುಗಳ ಎಂಜಿನ್ ಸೇರಿಸಿದರೂ ಇನ್ನೂ ಸ್ವಲ್ಪ ಕಡಿಮೆಯೇ.

ಎಂಜಿನ್ ಸರಿಯಿತ್ತು, ಅದರ ಮೇಲಿದ್ದ ಕಾರ್ಬ್ಯುರೇಟರ್ ಸತ್ತಿತ್ತು. ಗೆಳೆಯ ಅದಕ್ಕೂ ಪರಿಹಾರ ಕಂಡುಕೊಂಡಿದ್ದ. ಡ್ರ್ಯಾಗ್ ರೇಸ್ ಕಾರಿನಿಂದ ಬಿಚ್ಚಿದ್ದ 850 ಸಿಎಫ್‌ಎಂ ಕಾರ್ಬ್ಯುರೇಟರೊಂದನ್ನು ಯಾರಿಂದಲೋ ಅಗ್ಗಕ್ಕೆ ತಂದು, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದ. "ಮೊದಲಿದ್ದದ್ದು 600 ಅಂತೆ ಕಣೋ. ಇದು 850. ದೊಡ್ಡದು ಹಾಕಿದ್ರೆ ಜೋರಾಗಿ ಹೋಗುತ್ತೆ ತಾನೆ?" ಅಂದ.

ಕೇಳಿದರೆ ಹೌದೆನ್ನಿಸುವ ಪ್ರಶ್ನೆ. ಐವತ್ತು ವರ್ಷಗಳಿಂದ ಕ್ಯಾಲಿಫೋರ್ನಿಯಾದ ಗ್ಯಾರೇಜುಗಳಲ್ಲಿ ಜನ ಇದನ್ನೇ ಕೇಳುತ್ತಾ, ಹೌದು ಅಂತ ತಾವೇ ಉತ್ತರಿಸಿಕೊಳ್ಳುತ್ತಾ ಬಂದಿದ್ದಾರೆ. ಇದು ಯಾಕೆ ತಪ್ಪು ಅಂತ ತಿಳಿಯಲು ನನಗೆ ಎರಡು ವಾರಾಂತ್ಯ ಬೇಕಾಯಿತು. ಓದುತ್ತಾ ಹೋದಂತೆ ವಿಷಯ ಎಂಜಿನ್ನಿನಿಂದ ಜಾರಿ ನ್ಯೂಜಿಲೆಂಡಿನ ಒಂದು ಕುರಿ ಫಾರ್ಮಿಗೆ ಹೋಗಿ ನಿಂತಿತು.

ಬಿಲ್ ಹ್ಯಾಮಿಲ್ಟನ್ ಹುಟ್ಟಿದ್ದು 1899ರಲ್ಲಿ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಮೆಕೆಂಜಿ ಸೀಮೆಯಲ್ಲಿ, ಐರಿಷ್‌ಮನ್ ಕ್ರೀಕ್ ಅನ್ನುವ ಜಾಗದಲ್ಲಿ ಅವನ ಕುರಿ ಸಾಕಣೆ. ಸುಮ್ಮನೆ ಕುರಿ ಕಾಯುವ ಆಸಾಮಿಯಲ್ಲ. ಇಂಗ್ಲೆಂಡಿಗೆ ಹೋಗಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಬೆಂಟ್ಲಿ ಕಾರು ಓಡಿಸಿ ಗೆದ್ದು ಬಂದವನು. ಫಾರ್ಮಿನಲ್ಲೇ ವರ್ಕ್‌ಶಾಪ್ ಹಾಕಿ ಮಣ್ಣು ಅಗೆಯುವ ಯಂತ್ರಗಳನ್ನು ಕಟ್ಟಿದ, ತನ್ನದೇ ನೀರಿನಿಂದ ತನಗೆ ಬೇಕಾದ ಕರೆಂಟು ತೆಗೆದ. ಅವನಿಗಿದ್ದ ತೊಂದರೆ ಒಂದೇ. ಅಲ್ಲಿನ ನದಿಗಳು ಹಿಮದ ನೀರಿನವು, ವೇಗದವು, ಆದರೆ ಆಳವಿಲ್ಲ. ಜಲ್ಲಿಕಲ್ಲಿನ ಹಾಸಿನ ಮೇಲೆ ಹತ್ತು ಕವಲಾಗಿ ಹರಿಯುತ್ತವೆ. ಪ್ರೊಪೆಲರ್ ಇರುವ ದೋಣಿ ಇಳಿಸಿದರೆ ರೆಕ್ಕೆ ಕಲ್ಲಿಗೆ ಬಡಿದು ಮುರಿಯುತ್ತದೆ.

1950ರ ದಶಕದ ಆರಂಭದಲ್ಲಿ ಅವನು ಅಮೆರಿಕದ ಹ್ಯಾನ್ಲಿ ಹೈಡ್ರೋಜೆಟ್ ಎಂಬ ಸಾಧನದ ಮಾದರಿ ಹಿಡಿದು ಕೆಲಸ ಶುರು ಮಾಡಿದ. ದೋಣಿಯ ತಳದಿಂದ ನೀರು ಎಳೆದುಕೊಂಡು ತಳದ ಕೆಳಗೇ ಚಿಮ್ಮಿಸುವ ಪಂಪು ಅದು. ದೋಣಿ ಮುಂದಕ್ಕೇನೋ ಹೋಯಿತು, ಎಮ್ಮೆ ನಡೆದ ಹಾಗೆ. ಆಮೇಲೆ ಅವನ ವರ್ಕ್‌ಶಾಪಿನಲ್ಲಿ ನೀರು ಚಿಮ್ಮುವ ಬಾಯಿಯನ್ನು ಮೇಲಕ್ಕೆತ್ತಿ, ದೋಣಿಯ ಹಿಂಬದಿಯಿಂದ, ನೀರಿನ ಮಟ್ಟಕ್ಕಿಂತ ಮೇಲೆ, ಗಾಳಿಗೆ ಚಿಮ್ಮುವಂತೆ ಮಾಡಿದರು. ಹ್ಯಾಮಿಲ್ಟನ್ ಕೈಗೆ ಯಶಸ್ಸು ಸಿಕ್ಕಿದ್ದು ಅಲ್ಲೇ. ಕೆಳಗೆ ಏನೂ ಚಾಚಿಕೊಂಡಿಲ್ಲ. ಕೆಲವೇ ಅಂಗುಲ ನೀರಿದ್ದರೂ ಹೊಳೆಯ ಮೇಲೆ ಸರ್ರನೆ ಜಾರುವ ದೋಣಿ. 1954ರ ಮಾತು ಇದು. ಜಲ ಜೆಟ್ಟನ್ನು ನಾನು ಕಂಡುಹಿಡಿದೆ ಅಂತ ಅವನು ಯಾವತ್ತೂ ಹೇಳಿಕೊಳ್ಳಲಿಲ್ಲ, ಕೇಳಿದವರಿಗೆ ಆರ್ಕಿಮಿಡೀಸನ ಕಡೆ ಕೈ ತೋರಿಸುತ್ತಿದ್ದ. 1974ರಲ್ಲಿ ಅವನಿಗೆ ಸರ್ ಪದವಿ ಬಂತು.

ಈ ದೋಣಿ ಹೊಳೆಯ ವಿರುದ್ಧ ಹತ್ತುತ್ತದೆ ಅನ್ನುವುದೇ ಅದರ ಹೆಮ್ಮೆ. 1960ರಲ್ಲಿ ಹ್ಯಾಮಿಲ್ಟನ್ನನ ಮಗ ಜಾನ್ ಮತ್ತು ತಂಡ ಕೊಲೊರಾಡೊ ನದಿಯಲ್ಲಿ ಇಡೀ ಗ್ರ್ಯಾಂಡ್ ಕ್ಯಾನ್ಯನ್ನನ್ನು ಕೆಳಗಿನಿಂದ ಮೇಲಕ್ಕೆ ಏರಿತು. ಅಷ್ಟನ್ನೂ ದೋಣಿಯಲ್ಲಿ ಏರಿದವರು ಅವರೊಬ್ಬರೇ. ಅದೇ ಜಾನ್ 1977ರಲ್ಲಿ ನಮ್ಮ ಗಂಗೆಗೂ ಬಂದ, ಎಡ್ಮಂಡ್ ಹಿಲರಿ ಜೊತೆ. ಸಾಗರದಿಂದ ಆಕಾಶಕ್ಕೆ ಅನ್ನುವ ಅರ್ಥದ ಹೆಸರಿಟ್ಟುಕೊಂಡು ಮೂರು ಜೆಟ್ ಬೋಟುಗಳು ಗಂಗಾಸಾಗರದಿಂದ ಹೊರಟವು. ಹೆಸರು ಗಂಗಾ, ಏರ್ ಇಂಡಿಯಾ, ಕಿವಿ. ದಡದುದ್ದಕ್ಕೂ ಜನ ಸೇರಿ ಆರತಿ ಎತ್ತಿದರು. ನಂದಪ್ರಯಾಗದ ಬಳಿ ಜಲಪಾತವೊಂದು ಅಡ್ಡ ಬಂದು ದೋಣಿಯ ಆಟ ಮುಗಿಯಿತು. ಮುಂದೆ ಬೆಟ್ಟ ಹತ್ತುವಾಗ ಹಿಲರಿಗೆ ಎತ್ತರದ ಕಾಯಿಲೆ ಬಡಿದು ಹೆಲಿಕಾಪ್ಟರಿನಲ್ಲಿ ಇಳಿಸಬೇಕಾಯಿತು. ಆ ಕಥೆಯೇ ಬೇರೆ, ಇನ್ನೊಮ್ಮೆ ಬರೆಯುತ್ತೇನೆ.

ನನ್ನ ಗೆಳೆಯನ ಕಿತ್ತಳೆ ದೋಣಿಗೂ ಇದಕ್ಕೂ ನಡುವಿನ ಕೊಂಡಿ ಬರ್ಕ್ಲಿ ಎಂಬ ಕಂಪನಿ. ಹೊಲಕ್ಕೆ ನೀರು ಹಾಯಿಸುವ ಪಂಪು ಮಾಡುತ್ತಿದ್ದ ಕ್ಯಾಲಿಫೋರ್ನಿಯಾದ ಕಂಪನಿ ಅದು. ಇದನ್ನು ಓದಿದಾಗ ನನಗೆ ನಗು ಬಂತು. ದಪ್ಪ ಮೀಸೆಯವರು ಚಿನ್ನದ ಸರ ಹಾಕಿಕೊಂಡು, ಕಿವಿ ಕಿತ್ತುಹೋಗುವ ಸದ್ದು ಮಾಡಿಕೊಂಡು ಸುತ್ತುತ್ತಿದ್ದ ಆ ಥಳುಕಿನ ದೋಣಿಗಳ ಹೊಟ್ಟೆಯಲ್ಲಿದ್ದದ್ದು ಒಂದು ರೈತನ ಪಂಪ್‌ಸೆಟ್! ಹ್ಯಾಮಿಲ್ಟನ್ನನ ಮುಂದಿನ ಪಂಪುಗಳಲ್ಲಿ ಸಾಲಾಗಿ ಎರಡು ಮೂರು ಹಂತಗಳಿದ್ದವು. ಬರ್ಕ್ಲಿಯವರು ಒಂದೇ ದೊಡ್ಡ ಇಂಪೆಲ್ಲರ್ ಇಟ್ಟು, ಅದನ್ನು ದೊಡ್ಡ ವಿ8 ಎಂಜಿನ್ನಿಗೆ ನೇರವಾಗಿ ಜೋಡಿಸಿದರು. ಗೇರ್‌ಬಾಕ್ಸ್ ಇಲ್ಲ, ಕ್ಲಚ್ ಇಲ್ಲ. ಎಂಜಿನ್ ಒಂದು ಸುತ್ತು ತಿರುಗಿದರೆ ಇಂಪೆಲ್ಲರ್ ಕೂಡ ಒಂದು ಸುತ್ತು.

ಎಂಜಿನ್ನಿಗೆ ಬರ ಇರಲಿಲ್ಲ. 1960ರ ದಶಕದಲ್ಲಿ ಅಮೆರಿಕದ ಕಾರು ಕಂಪನಿಗಳು ನಾನು ದೊಡ್ಡೋನು ತಾನು ದೊಡ್ಡೋನು ಅಂತ ಎಂಜಿನ್ ಹಿಗ್ಗಿಸಿದ್ದವು. ಮೈ ದೊಡ್ಡದಾದ ಈ ವಿ8ಗಳಿಗೆ ಬಿಗ್ ಬ್ಲಾಕ್ ಅಂತಲೇ ಹೆಸರು. ಓಲ್ಡ್ಸ್‌ಮೊಬೀಲ್ 455 ಬಂದದ್ದು 1968ರಲ್ಲಿ, ಫೋರ್ಡ್ 460 ಕೂಡ ಅದೇ ವರ್ಷ, ಷೆವರ್ಲೆ 454 ಬಂದದ್ದು 1970ರಲ್ಲಿ. 1973ರಲ್ಲಿ ತೈಲದ ಬೆಲೆ ಏರಿತು ನೋಡಿ, ಆ ಕಾರುಗಳು ಬಿಳಿ ಆನೆಗಳಾದವು. ಓಲ್ಡ್ಸ್ 455 ತಯಾರಿಕೆ 1976ಕ್ಕೇ ನಿಂತಿತು. ಗುಜರಿ ಅಂಗಡಿಗೆ ಬಂದ ಕಾರಿನ ಎಂಜಿನ್ ಬಿಚ್ಚಿ ದೋಣಿಗೆ ಕೂರಿಸುವವರಿಗೆ ಸುಗ್ಗಿ. ಪೆಟ್ರೋಲ್ ತುಟ್ಟಿಯಾದ ಕಾಲದಲ್ಲೇ ಪೆಟ್ರೋಲ್ ಕುಡಿಯುವ ದೋಣಿ ಅಗ್ಗವಾಯಿತು.

ಎಂಜಿನ್ನಿನ ಜೊತೆಗೆ ಅದರ ಕಾರ್ಬ್ಯುರೇಟರೂ, ಕಾರಿನವರ ಅಭ್ಯಾಸವೂ ದೋಣಿಗೆ ಇಳಿದುಬಂತು. ಇಲ್ಲೇ ಎಡವಟ್ಟಾದದ್ದು.

ಕಾರ್ಬ್ಯುರೇಟರ್ ಅಂದರೇನು ಅಂತ ನಿಮ್ಮಲ್ಲಿ ಕೆಲವರಿಗೆ ಕೈಯಾರೆ ಗೊತ್ತಿರಲಾರದು. 2020ರ ಬಿಎಸ್6 ನಿಯಮದ ನಂತರ ನಮ್ಮ ಬೈಕುಗಳೂ ಇಂಜೆಕ್ಷನ್ನಿಗೆ ಹೋಗಿಬಿಟ್ಟವು. ಹಿಂದೆ ಮನೆಗಳಲ್ಲಿ ಸೊಳ್ಳೆಗೆ ಹೊಡೆಯುತ್ತಿದ್ದ ಫ್ಲಿಟ್ ಪಂಪ್ ನೆನಪಿಸಿಕೊಳ್ಳಿ. ಸಣ್ಣ ಬಾಯಿಂದ ಗಾಳಿ ಜೋರಾಗಿ ಹಾಯ್ದರೆ ಕೆಳಗಿನ ಡಬ್ಬಿಯ ಔಷಧಿ ತಾನಾಗಿ ಮೇಲೆದ್ದು ತುಂತುರಾಗುತ್ತದೆ. ಕಾರ್ಬ್ಯುರೇಟರೂ ಅಷ್ಟೇ. ಎಂಜಿನ್ ಎಳೆಯುವ ಗಾಳಿ ಕಿರಿದಾದ ಕತ್ತಿನಲ್ಲಿ ಹಾಯುವಾಗ ಒತ್ತಡ ಕುಸಿಯುತ್ತದೆ, ಪಕ್ಕದ ಪುಟ್ಟ ಬಟ್ಟಲಿನ ಪೆಟ್ರೋಲ್ ಸಣ್ಣ ತೂತಿನಿಂದ ಎದ್ದು ಬಂದು ಗಾಳಿಯಲ್ಲಿ ಬೆರೆಯುತ್ತದೆ. ಆ ತೂತಿಗೂ ಜೆಟ್ ಅಂತಲೇ ಹೆಸರು, ಗೊಂದಲ ಬೇಡ. ಬಟ್ಟಲಿನಲ್ಲಿ ಪೆಟ್ರೋಲ್ ಮಟ್ಟ ಕಾಯುವುದು ಫ್ಲೋಟ್, ನಮ್ಮ ಮನೆ ಟ್ಯಾಂಕಿನ ಬಾಲ್ ವಾಲ್ವ್ ಇದ್ದ ಹಾಗೆ. ಕತ್ತು ಎಷ್ಟು ಅಗಲ ಅನ್ನುವುದರ ಅಳತೆಯೇ ಸಿಎಫ್‌ಎಂ. ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಹಾಯುತ್ತದೆ ಅನ್ನುವ ಲೆಕ್ಕ.

1957ರಲ್ಲಿ ಹಾಲಿ ಕಂಪನಿ ಫೋರ್ಡಿಗಾಗಿ ನಾಲ್ಕು ಕತ್ತಿನ 4150 ತಂದಿತು. ಬಟ್ಟಲು ಬಿಚ್ಚಿ ಜೆಟ್ ಬದಲಿಸುವುದು ಸುಲಭ, ರೇಸಿನವರಿಗೆ ಹಬ್ಬ. 1965ರಲ್ಲಿ ಜನರಲ್ ಮೋಟರ್ಸಿನ ರಾಚೆಸ್ಟರ್ ವಿಭಾಗದಿಂದ ಕ್ವಾಡ್ರಾಜೆಟ್ ಬಂತು. ಮುಂದಿನ ಎರಡು ಕತ್ತು ಸಣ್ಣದು, ಹಿಂದಿನ ಎರಡು ದೊಡ್ಡದು. ಮೆಲ್ಲಗೆ ಹೋದರೆ ಮಿತವ್ಯಯಿ, ಒತ್ತಿದರೆ ರಾಕ್ಷಸ. 1960ರ ದಶಕ ಮುಗಿಯುವ ಹೊತ್ತಿಗೆ ನಾಸ್ಕಾರ್ ರೇಸಿಗಾಗಿ ಹಾಲಿಯ ಡಾಮಿನೇಟರ್, 1,050 ಸಿಎಫ್‌ಎಂ. ರೇಸ್ ಗೆದ್ದ ಕಾರಿನ ಮೇಲೆ ದೊಡ್ಡ ಕಾರ್ಬ್ಯುರೇಟರ್ ಕಂಡ ಊರ ಹುಡುಗರು ದೊಡ್ಡದು ಹಾಕಿದ್ದರಿಂದ ಗೆದ್ದ ಅಂದುಕೊಂಡರು. ಎಂಜಿನ್ ಅಷ್ಟು ಗಾಳಿ ಕೇಳುತ್ತಿತ್ತು, ಅದಕ್ಕೇ ದೊಡ್ಡದು ಹಾಕಿದ ಅಂತ ಯಾರೂ ತಿರುವುಮುರುವು ಮಾಡಿ ನೋಡಲಿಲ್ಲ.

ನಾನು ಪೇಪರ್ ತೆಗೆದುಕೊಂಡು ಕೂತೆ. ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಹೊಟ್ಟೆ ತುಂಬ ಗಾಳಿ ಎಳೆಯುತ್ತದೆ. 455 ಘನ ಅಂಗುಲ, ನಿಮಿಷಕ್ಕೆ 5,000 ಸುತ್ತು. ಗುಣಿಸಿ 3,456ರಿಂದ ಭಾಗಿಸಿದರೆ 658 ಸಿಎಫ್‌ಎಂ. ಯಾವ ಸಾದಾ ಎಂಜಿನ್ನೂ ಪೂರ್ತಿ ಹೊಟ್ಟೆ ತುಂಬಿಸಿಕೊಳ್ಳುವುದಿಲ್ಲ, ನೂರಕ್ಕೆ 85 ಅಂತ ಹಿಡಿದರೆ 560. ಅಂದರೆ ಕೊನೇ ಮಟ್ಟದ ಓಟದಲ್ಲೂ ಈ ಎಂಜಿನ್ ಕೇಳುವುದು 560. ಅಷ್ಟೇ.

ಹಾಗಾದರೆ 600 ಸಾಕೇ? ಇನ್ನೊಂದು ಸೂಕ್ಷ್ಮ ಇದೆ. ನಾಲ್ಕು ಕತ್ತಿನ ಕಾರ್ಬ್ಯುರೇಟರಿನ ಸಿಎಫ್‌ಎಂ ಅಳೆಯುವುದು 1.5 ಅಂಗುಲ ಪಾದರಸದಷ್ಟು ಒತ್ತಡ ಕುಸಿದಾಗ. (ಎರಡು ಕತ್ತಿನದಕ್ಕೆ 3 ಅಂಗುಲ ಕುಸಿದಾಗ ಅಳೆಯುತ್ತಾರೆ. ಎರಡರ ಸಂಖ್ಯೆಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವವರು ಮೋಸ ಹೋಗುತ್ತಾರೆ.) 560 ಹಾಯುವಾಗ 600ರದ್ದು ಸುಮಾರು 1.3 ಅಂಗುಲ ಕುಸಿಯುತ್ತದೆ, 750ರದ್ದು 0.84, 850ರದ್ದು 0.65. ಹೊರಗಿನ ಗಾಳಿಯ ಒತ್ತಡ ಹೆಚ್ಚುಕಡಿಮೆ 30 ಅಂಗುಲ. 600 ತೆಗೆದು 850 ಹಾಕಿದರೆ ಎಂಜಿನ್ನಿಗೆ ಸಿಗುವ ಗಾಳಿ ಹೆಚ್ಚುವುದು ನೂರಕ್ಕೆ ಎರಡು ಪಾಲು. ಶಕ್ತಿಯೂ ಅಷ್ಟೇ ಹೆಚ್ಚಬಹುದು.

ಎರಡು ಪಾಲಾದರೂ ಲಾಭವೇ ಅಲ್ವಾ ಅಂತ ಗೆಳೆಯ. ಕಾರಿನಲ್ಲಾದರೆ ಹೌದು. ಇಲ್ಲಿ ಪಂಪು ಒಪ್ಪಬೇಕಲ್ಲ!

ನಮ್ಮಪ್ಪನ ಹೊಲದಲ್ಲಿ ಪಂಪ್‌ಸೆಟ್ ಇತ್ತು. ಮೋಟರ್ ರಿಪೇರಿಗೆ ಬಂದ ಮೇಸ್ತ್ರಿ ಒಮ್ಮೆ ಹೇಳಿದ್ದ ಮಾತು ನೆನಪಿದೆ. ಪಂಪನ್ನು ಸ್ವಲ್ಪ ಜೋರಾಗಿ ತಿರುಗಿಸಿದರೆ ನೀರು ಸ್ವಲ್ಪ ಜಾಸ್ತಿ ಬರುತ್ತೆ, ಮೋಟರ್ ಮಾತ್ರ ಸುಟ್ಟುಹೋಗುತ್ತೆ ಸ್ವಾಮಿ ಅಂದಿದ್ದ. ಆಗ ಅರ್ಥವಾಗಿರಲಿಲ್ಲ. ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಅದೇ ಮಾತನ್ನು ಸೂತ್ರವಾಗಿ ಬೋರ್ಡಿನ ಮೇಲೆ ಬರೆದರು. ಪಂಪು ಕೇಳುವ ಶಕ್ತಿ ವೇಗದ ಘನದಷ್ಟು ಏರುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟು. 4,500 ಸುತ್ತಿನಿಂದ 5,000ಕ್ಕೆ ಏರಿಸಬೇಕಾದರೆ ನೂರಕ್ಕೆ 37ರಷ್ಟು ಹೆಚ್ಚು ಶಕ್ತಿ ಬೇಕು. ಅದನ್ನೇ ತಿರುಗಿಸಿ ಹೇಳಿದರೆ, ನೂರಕ್ಕೆ ಎರಡು ಹೆಚ್ಚು ಶಕ್ತಿ ಕೊಟ್ಟರೆ ಸುತ್ತು ಏರುವುದು ನೂರಕ್ಕೆ ಮುಕ್ಕಾಲು ಪಾಲೂ ಇಲ್ಲ. 5,000ದ ಮೇಲೆ ಸುಮಾರು 35 ಸುತ್ತು. 750 ಬಿಟ್ಟು 850 ಹಾಕಿದರೆ ಹತ್ತೋ ಹನ್ನೆರಡೋ ಸುತ್ತು. ಟ್ಯಾಕೊಮೀಟರಿನ ಮುಳ್ಳು ಅದಕ್ಕಿಂತ ಹೆಚ್ಚು ನಡುಗುತ್ತಿರುತ್ತದೆ.

ಬರ್ಕ್ಲಿ ಪಂಪಿನ ಇಂಪೆಲ್ಲರುಗಳಿಗೆ ಎ, ಬಿ, ಸಿ ಅಂತ ಅಳತೆ ಇವೆ. ನಿಮ್ಮ ಎಂಜಿನ್ ಎಷ್ಟು ಸುತ್ತು ತಿರುಗಬೇಕು ಅಂತ ತೀರ್ಮಾನಿಸುವುದು ಆ ಅಕ್ಷರ. ವೇಗ ಬೇಕಿದ್ದವನು ಮೊದಲು ಅಲ್ಲಿ ಕೈ ಹಾಕಬೇಕು, ಇಂಪೆಲ್ಲರಿಗೂ ಅದರ ಸುತ್ತಿನ ಉಂಗುರಕ್ಕೂ ನಡುವಿನ ಸಂದು ಸವೆದಿದೆಯೇ ನೋಡಬೇಕು. ಆದರೆ ಅದು ನೀರೊಳಗೆ, ಯಾರಿಗೂ ಕಾಣದ ಜಾಗದಲ್ಲಿದೆ. ಕಾರ್ಬ್ಯುರೇಟರ್ ಎಂಜಿನ್ನಿನ ನೆತ್ತಿಯ ಮೇಲೆ ಕಿರೀಟದ ಹಾಗೆ ಕೂತಿರುತ್ತದೆ. ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಹೇಳಬೇಕಾಗಿಲ್ಲ.

ಅತಿ ದೊಡ್ಡದರಿಂದ ನಷ್ಟವೂ ಇದೆ. ಕತ್ತು ಅಗಲವಾದಷ್ಟೂ ಕಡಿಮೆ ವೇಗದಲ್ಲಿ ಗಾಳಿ ಸೋಮಾರಿಯಾಗುತ್ತದೆ, ಪೆಟ್ರೋಲನ್ನು ಎತ್ತುವ ಎಳೆತ ಸಾಲದು. ತುಂತುರಾಗಬೇಕಾದದ್ದು ಹನಿಯಾಗಿ ಬೀಳುತ್ತದೆ. ದಡದ ಹತ್ತಿರ ಅಲೆ ಎಬ್ಬಿಸದೆ ಮೆಲ್ಲಗೆ ಹೋಗಬೇಕಾದ ಕಡೆಯಲ್ಲೆಲ್ಲ ಎಂಜಿನ್ ಕೆಮ್ಮುತ್ತದೆ, ಸ್ಪಾರ್ಕ್ ಪ್ಲಗ್ ಕಪ್ಪಾಗುತ್ತದೆ.

ಹಿಂದಿನ ಎರಡು ಕತ್ತು ಹೇಗೆ ತೆರೆಯಬೇಕು ಅನ್ನುವುದು ಇನ್ನೊಂದು ಹಳೇ ಜಗಳ. ಗಾಳಿಯ ಎಳೆತ ನೋಡಿಕೊಂಡು ತಾವಾಗಿ ತೆರೆಯುವುದು ಒಂದು ಬಗೆ. ಕಾಲು ಒತ್ತಿದಷ್ಟೂ ಕಡ್ಡಿಯಿಂದ ಎಳೆದು ತೆರೆಯುವುದು ಇನ್ನೊಂದು ಬಗೆ. ಕೆಳಗಿನ ಸುತ್ತುಗಳಲ್ಲಿ ಪಂಪಿನ ಭಾರವೇ ಇಲ್ಲ, ಎಂಜಿನ್ ಸಲೀಸಾಗಿ ಏರುತ್ತದೆ, ಹಾಗಾಗಿ ಕಡ್ಡಿಯದೇ ಇರಲಿ ಅನ್ನುವವರ ಮಾತಿನಲ್ಲೂ ಹುರುಳಿದೆ. ವಾರಕ್ಕೊಮ್ಮೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವನಿಗೆ ತಾನಾಗಿ ತೆರೆಯುವುದೇ ಸರಿ ಅಂತ ನನ್ನ ಅಭಿಪ್ರಾಯ. ಅಳತೆ ಸ್ವಲ್ಪ ತಪ್ಪಿದ್ದರೂ ಅದು ಎಂಜಿನ್ ಕೇಳಿದಷ್ಟೇ ತೆರೆದು ನಿಮ್ಮ ಮಾನ ಉಳಿಸುತ್ತದೆ.

ಎತ್ತರದ ಲೆಕ್ಕವೂ ಇದೆ. ಗೆಳೆಯನಿಗೆ ಟಾಹೋ ಸರೋವರದ ಆಸೆ. ಅದು ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಮೇಲೆ, ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟು ಎತ್ತರದಲ್ಲಿರುವ ಕೆರೆ ಅಂದುಕೊಳ್ಳಿ. ಗಾಳಿ ತೆಳು, ಪೆಟ್ರೋಲ್ ಅದೇ. ಪ್ರತಿ 2,000 ಅಡಿಗೆ ಜೆಟ್ ಒಂದು ನಂಬರ್ ಇಳಿಸು ಅನ್ನುವುದು ಹಾಲಿ ಬಳಸುವವರ ರೂಢಿ. ಸ್ಯಾಕ್ರಮೆಂಟೊ ಇರುವುದು ಸಮುದ್ರಮಟ್ಟದಲ್ಲೇ, ಟಾಹೋಗೆ ಹೋದರೆ ಮೂರು ನಂಬರ್ ಇಳಿಸಬೇಕು. ವಾಪಸು ಬಂದು ಮತ್ತೆ ಏರಿಸಬೇಕು. ಮರೆತರೆ ಕೆಳಗೆ ಬಂದಾಗ ಪೆಟ್ರೋಲ್ ಸಾಲದೆ ಎಂಜಿನ್ ಕಾದು ಪಿಸ್ಟನ್ ಕರಗೀತು. ದೋಣಿಯ ಎಂಜಿನ್ನಿಗೆ ಇಳಿಜಾರು ಅನ್ನುವುದೇ ಇಲ್ಲ, ಅದು ಯಾವಾಗಲೂ ಘಾಟಿ ಹತ್ತುತ್ತಲೇ ಇರುತ್ತದೆ. 300 ಕುದುರೆ ಶಕ್ತಿ ತೆಗೆಯುತ್ತಾ ಹೋದರೆ ಗಂಟೆಗೆ ಸುಮಾರು 90 ಲೀಟರ್ ಪೆಟ್ರೋಲ್. ಈ ಸಂಖ್ಯೆ ಕೇಳಿ ಗೆಳೆಯ ಮೊದಲ ಬಾರಿಗೆ ಸುಮ್ಮನಾದ.

ಇಷ್ಟೆಲ್ಲ ಲೆಕ್ಕ ಮಾಡಿದ ಮೇಲೂ 850 ತಂದಾಗಿದೆಯಲ್ಲ, ಒಂದ್ಸಲ ಹಾಕಿ ನೋಡೋಣ ಅಂತ ಇಬ್ಬರಿಗೂ ಚಪಲ. ಒಂದು ಶನಿವಾರ ಬೆಳಿಗ್ಗೆ ಕೂರಿಸಿಯೇಬಿಟ್ಟೆವು. ಎಲೆಕ್ಟ್ರಿಕ್ ಪಂಪ್ ಒತ್ತಿ ಬಟ್ಟಲಿಗೆ ಪೆಟ್ರೋಲ್ ತುಂಬಿಸಿದೆವು. ಎಂಜಿನ್ ಮೇಲಿನ ಮುಚ್ಚಳ ಹಾಕಿ, ತಣ್ಣೀರಿನ ಪೈಪ್ ಸಿಕ್ಕಿಸಿ, ಕಾಫಿ ಕುಡಿದು ಬಂದೆವು. ಗೆಳೆಯ ಕೀಗೆ ಕೈ ಹಾಕುವ ಹೊತ್ತಿಗೆ ಪಕ್ಕದ ಮನೆಯ ಮುದುಕ ಬಂದ. ಜೀವಮಾನವೆಲ್ಲ ದೋಣಿ ರಿಪೇರಿ ಮಾಡಿ ನಿವೃತ್ತನಾದವನು. ಗ್ಯಾರೇಜಿನೊಳಗೆ ಎರಡು ಹೆಜ್ಜೆ ಇಟ್ಟವನು ಅಲ್ಲೇ ನಿಂತು ಮೂಗರಳಿಸಿದ. ಕೀಯಿಂದ ಕೈ ತೆಗಿ ಅಂದ. ಮುಚ್ಚಳ ಎತ್ತಿಸಿದ. ಫ್ಲೋಟಿನ ಸೂಜಿ ಕಸ ಸಿಕ್ಕಿ ಮುಚ್ಚಿಕೊಂಡಿರಲಿಲ್ಲ. ಮೇಲಿನ ನೆಟ್ಟಗಿನ ಗಾಳಿಕೊಳವೆಯಿಂದ ಪೆಟ್ರೋಲ್ ಉಕ್ಕಿ, ಎಂಜಿನ್ನಿನ ಮೈಮೇಲೆ ಇಳಿದು, ದೋಣಿಯ ತಳದಲ್ಲಿ ಸಣ್ಣಗೆ ನಿಂತಿತ್ತು.

ನಮ್ಮೂರಿನಲ್ಲಿ ಇದಕ್ಕೆ ಓವರ್‌ಫ್ಲೋ ಅನ್ನುತ್ತೇವೆ. ಅಪ್ಪನ ಎಜ್ಡಿಯಲ್ಲಿ ದಿನಾ ಆಗುತ್ತಿತ್ತು. ಸ್ಕ್ರೂಡ್ರೈವರಿನ ಹಿಡಿಯಿಂದ ಬಟ್ಟಲಿಗೆ ಎರಡು ಏಟು ಕೊಟ್ಟರೆ ನಿಲ್ಲುತ್ತಿತ್ತು. ಬಿದ್ದ ಪೆಟ್ರೋಲ್ ರಸ್ತೆ ಮೇಲೆ ಆರಿಹೋಗುತ್ತಿತ್ತು. ಕಾರಿನಲ್ಲೂ ಹಾಗೇ, ಕೆಳಗೆ ನೆಲ ಇದೆ, ಸುತ್ತ ಗಾಳಿ ಇದೆ. ದೋಣಿಗೆ ತೂತು ಇರುವಂತಿಲ್ಲವಲ್ಲ! ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಕೆಳಗೆ ಇಳಿದು, ಕೂತು, ಕಿಡಿಗೆ ಕಾಯುತ್ತದೆ. ಒಂದು ಸಣ್ಣ ಕಾಫಿ ಲೋಟದಷ್ಟು ಪೆಟ್ರೋಲ್ ಆವಿಯಾದರೆ ಒಂದು ಘನ ಮೀಟರ್ ಜಾಗ ಸಿಡಿಯಲು ಸಾಕು. ಎಂಜಿನ್ ಗೂಡು ಹೆಚ್ಚುಕಡಿಮೆ ಅಷ್ಟೇ ದೊಡ್ಡದು.

ಅಮೆರಿಕದ ಕಾನೂನು ಇದನ್ನು ಕಂತುಕಂತಾಗಿ ಕಲಿತಿದೆ. 1940ರ ಏಪ್ರಿಲ್ 25ರ ನಂತರ ದೋಣಿಯೊಳಗೆ ಕೂರಿಸಿದ ಪ್ರತಿ ಪೆಟ್ರೋಲ್ ಎಂಜಿನ್ನಿನ ಬಾಯಿಗೂ ಫ್ಲೇಮ್ ಅರೆಸ್ಟರ್ ಬೇಕು. ಎಂಜಿನ್ ಹಿಂದಕ್ಕೆ ಸೀನಿದರೆ ಬೆಂಕಿಯ ನಾಲಿಗೆಯನ್ನು ತಡೆಯುವ ಲೋಹದ ಜಾಲರಿ ಅದು. 1971ರಲ್ಲಿ ದೋಣಿ ಸುರಕ್ಷತೆಯ ಹೊಸ ಕಾಯಿದೆ ಬಂತು. ಅದರಡಿ ಕೋಸ್ಟ್ ಗಾರ್ಡ್ ಬರೆದ ನಿಯಮಗಳಲ್ಲಿ ಕಾರ್ಬ್ಯುರೇಟರಿಗೂ ಒಂದು ಪರೀಕ್ಷೆ ಇದೆ. ಫ್ಲೋಟಿನ ಬಾಯಿ ತೆರೆದೇ ಇದ್ದು, ಥ್ರಾಟಲ್ ಅರ್ಧ ತೆರೆದಿದ್ದು, ಪೆಟ್ರೋಲ್ ನುಗ್ಗುತ್ತಿದ್ದರೂ 30 ಸೆಕೆಂಡಿನಲ್ಲಿ ಐದು ಸಿಸಿಗಿಂತ ಹೆಚ್ಚು ಹೊರಗೆ ಸೋರಬಾರದು. ಒಂದು ಟೀ ಚಮಚ. ಕಾರ್ಬ್ಯುರೇಟರ್ ಕೆಡುವುದೇ ಇಲ್ಲ ಅಂತ ಆ ನಿಯಮ ಬರೆದವರು ನಂಬಲಿಲ್ಲ. ಕೆಟ್ಟೇ ಕೆಡುತ್ತದೆ, ಕೆಟ್ಟಾಗ ಎತ್ತ ಸೋರುತ್ತದೆ ಅಂತ ಕೇಳಿದರು. ನನಗೆ ಇಡೀ ಕಥೆಯಲ್ಲಿ ಬಹಳ ಇಷ್ಟವಾದ ಜಾಗ ಇದು.

ಅದಕ್ಕೇ ದೋಣಿಯ ಕಾರ್ಬ್ಯುರೇಟರಿನ ಗಾಳಿಕೊಳವೆ ನೆಟ್ಟಗಿರುವುದಿಲ್ಲ, ಕೊಡೆಯ ಹಿಡಿಯ ಹಾಗೆ ಬಾಗಿ ಕತ್ತಿನೊಳಕ್ಕೆ ಮುಖ ಮಾಡಿರುತ್ತದೆ. ಉಕ್ಕಿದ ಪೆಟ್ರೋಲ್ ಎಂಜಿನ್ನಿನ ಗಂಟಲಿಗೇ ಬೀಳುತ್ತದೆ. ಎಂಜಿನ್ ಉಸಿರುಗಟ್ಟಿ ನಿಲ್ಲಬಹುದು, ಸಿಡಿಯುವುದಿಲ್ಲ. ಥ್ರಾಟಲ್ ಕಡ್ಡಿಯ ಮೇಲೆ ಸಣ್ಣ ಗೀರು ಕೊರೆದಿರುತ್ತಾರೆ, ಅಲ್ಲಿ ಜಿನುಗಿದ್ದೂ ಒಳಕ್ಕೇ ವಾಪಸು. ದೋಣಿಯ ಫ್ಯುಯೆಲ್ ಪಂಪು, ಸ್ಟಾರ್ಟರ್, ಆಲ್ಟರ್ನೇಟರ್ ಎಲ್ಲಕ್ಕೂ ಇಂಥದೇ ಗುಟ್ಟುಗಳಿವೆ. ಹೊರಗಿನಿಂದ ನೋಡಿದರೆ ಕಾರಿನದಕ್ಕೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ, ಬೆಲೆ ಮಾತ್ರ ಹೆಚ್ಚು. ಹೆಸರು ಬದಲಿಸಿ ಸುಲಿಯುತ್ತಾರೆ ಅಂತ ನಾವಿಬ್ಬರೂ ಅದೇ ವಾರ ಬೈದುಕೊಂಡಿದ್ದೆವು.

ಮುದುಕ ಬೈಯಲಿಲ್ಲ. ಗ್ಯಾರೇಜಿನ ಬಾಗಿಲು ಪೂರ್ತಿ ಎತ್ತಿಸಿ, ಬ್ಯಾಟರಿ ಮುಟ್ಟಬೇಡಿ ಅಂತ ಹೇಳಿ, ಬಟ್ಟೆ ತಂದು ತಾನೇ ಬಗ್ಗಿ ತಳ ಒರೆಸಲು ಶುರು ಮಾಡಿದ. ಗೆಳೆಯನ ಐದು ವರ್ಷದ ಮಗಳು ದೋಣಿಯ ಮುಂದಿನ ಸೀಟಿನಲ್ಲಿ ಲೈಫ್ ಜಾಕೆಟ್ ಹಾಕಿಕೊಂಡು ಕೂತಿದ್ದಳು. ಅವಳನ್ನು ಎತ್ತಿ ಕೆಳಗಿಳಿಸಿದಾಗ ನನ್ನ ಕೈ ನಡುಗುತ್ತಿತ್ತು.

ಕಾರ್ಬ್ಯುರೇಟರಿನ ಕಾಲ ಅಲ್ಲೂ ಮುಗಿದಿದೆ. 2010ರ ಮಾದರಿಗಳಿಂದ ಒಳಗೆ ಕೂರುವ ಪೆಟ್ರೋಲ್ ದೋಣಿ ಎಂಜಿನ್ನುಗಳಿಗೆ ಅಮೆರಿಕದಲ್ಲಿ ಬಿಗಿ ಹೊಗೆ ನಿಯಮ ಬಂತು, ಹೊಸವೆಲ್ಲ ಇಂಜೆಕ್ಷನ್ನಿಗೆ ಹೋದವು. ಹಳೇ ದೋಣಿಗಳು ಉಳಿದಿವೆ, ಹಳೇ ಪ್ರಶ್ನೆಯೂ ಉಳಿದಿದೆ.

ಗೆಳೆಯ ಕೊನೆಗೆ ಹಾಕಿದ್ದು ದೋಣಿಗೆಂದೇ ಮಾಡಿದ, ಹಿಂದಿನ ಕತ್ತು ತಾನಾಗಿ ತೆರೆಯುವ 600. ಮುದುಕನೇ ಹುಡುಕಿ ಕೊಡಿಸಿದ. 850 ಈಗಲೂ ಅವನ ಶೆಲ್ಫಿನಲ್ಲಿದೆ, ಮಗಳ ಚಿತ್ರಪುಸ್ತಕಗಳು ಬೀಳದ ಹಾಗೆ ಒರಗಿಸಲು. ನಾನು ಬೆಂಗಳೂರಿಗೆ ವಾಪಸು ಬರುವ ಮುಂಚಿನ ಭಾನುವಾರ ಸ್ಯಾಕ್ರಮೆಂಟೊ ನದಿಗೆ ಹೋಗಿದ್ದೆವು. ದೋಣಿ ನೀರಿಗಿಳಿಸಿ ಬ್ಲೋವರ್ ಹಾಕಿದ. ಸ್ಟಾರ್ಟ್ ಮಾಡುವ ಮುಂಚೆ ನಾಲ್ಕು ನಿಮಿಷ ಓಡಿಸಿ ಅಂತ ಅದರ ಗುಂಡಿ ಪಕ್ಕದಲ್ಲೇ ಚೀಟಿ ಅಂಟಿಸಿದ್ದರು. ಹಿಂದೆ ಸಾಲಿನಲ್ಲಿದ್ದವರು ಹಾರ್ನ್ ಹೊಡೆದರು. ಗೆಳೆಯ ತಲೆ ಎತ್ತಲಿಲ್ಲ, ಗಡಿಯಾರ ನೋಡುತ್ತಾ ಕೂತ. ನಾಲ್ಕು ನಿಮಿಷವಾದ ಮೇಲೆ ಎಂಜಿನ್ ಮುಚ್ಚಳ ಎತ್ತಿದ. ಮಗಳು ಅವನ ತೋಳು ಹಿಡಿದುಕೊಂಡು ಬಗ್ಗಿ, ಮೂಗು ಚೂಪು ಮಾಡಿ ಮೂಸಿ ನೋಡಿ, "ಇಲ್ಲ ಪಪ್ಪಾ" ಅಂದಳು. ಆಮೇಲೆ ಅವನು ಕೀ ತಿರುಗಿಸಿದ.